ಹವಾಯಿಗೆ ಮುಂಚೆ ಮಾಂಟೆರೇ: ಒಂದು ರಾತ್ರಿಯ ರೇಸ್

ನಾನು ತಿಪಟೂರು ಕಡೆಯವನು, ಚಿಕ್ಕೋನಿದ್ದಾಗ ನೋಡಿದ ದೊಡ್ಡ ನೀರು ಅಂದ್ರೆ ಊರ ಕೆರೆ, ಅದೂ ಮಳೆ ಚೆನ್ನಾಗಾದ ವರ್ಷ. ಅಂಥವನು ಬೇ ಏರಿಯಾಗೆ ಬಂದು ಹಾಯಿದೋಣಿ ಹುಚ್ಚು ಹತ್ತಿಸ್ಕೊಂಡು ಕೊನೆಗೆ ಪೆಸಿಫಿಕ್ ಕಪ್ ಅನ್ನೋ ರೇಸ್‌ಗೆ ಹೋಗೋ ಒಂದು 38 ಅಡಿ ಬೋಟ್‌ಗೆ ಕ್ರೂ ಆಗಿ ಸೇರ್ಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹವಾಯಿಯ ಕನಿಯೋಹೆವರೆಗೆ, 2,070 ನಾಟಿಕಲ್ ಮೈಲಿ. ಮನೇಲಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ, "ಯಾಕೆ, ವಿಮಾನ ಇಲ್ವಾ?"

ನಮ್ಮ ಸ್ಕಿಪ್ಪರ್ ಮೊದಲೇ ಹೇಳ್ಬಿಟ್ಟಿದ್ರು, ಜುಲೈನಲ್ಲಿ ಹವಾಯಿಗೆ ಹೊರಡೋ ಮುಂಚೆ ಮೇ ಕೊನೆಯ ಸ್ಪಿನೇಕರ್ ಕಪ್ ರೇಸ್ ಮಾಡ್ಲೇಬೇಕು ಅಂತ. ಇದು ಗೋಲ್ಡನ್ ಗೇಟ್ ದಾಟಿ ಕರಾವಳಿ ಉದ್ದಕ್ಕೂ ದಕ್ಷಿಣಕ್ಕೆ ಮಾಂಟೆರೇವರೆಗೆ, ಹತ್ತಿರ ಹತ್ತಿರ 90 ಮೈಲಿ. ಗೆಲ್ಲೋದು ಯಾರಿಗೆ ಬೇಕಿತ್ತು, ಮುರಿಯೋದೆಲ್ಲ ಇಲ್ಲೇ ಮುರೀಲಿ, ದಡ ಕಾಣ್ತಿರುವಾಗಲೇ, ಅನ್ನೋದು ಅವರ ಲೆಕ್ಕ. ಅದಕ್ಕೇ ಒಂದೇ ರಾತ್ರಿಯ ರೇಸ್ ಆದ್ರೂ ಪೂರ್ತಿ ಸಾಗರದ ಶಿಸ್ತು: ಮೂರು ಗಂಟೆ ಡ್ಯೂಟಿ, ಮೂರು ಗಂಟೆ ನಿದ್ದೆ, ಕಾಕ್‌ಪಿಟ್‌ಗೆ (ಬೋಟ್ ನಡೆಸೋರು ಕೂರೋ ಜಾಗ) ಕಾಲಿಡೋ ಮುಂಚೆ ಟೆಥರ್, ಅಂದ್ರೆ ನಮ್ಮನ್ನ ಬೋಟ್‌ಗೆ ಕಟ್ಟಿಡೋ ಪಟ್ಟಿ, ಕೊಕ್ಕೆ ಹಾಕಿರ್ಬೇಕು. ಬೇಸಿಗೆ, ಕ್ಯಾಲಿಫೋರ್ನಿಯಾ ಅನ್ನೋ ಹೆಸರು ನೋಡಿ ಮೋಸ ಹೋಗ್ಬೇಡಿ, ಅಲ್ಲಿ ನೀರು 11-12 ಡಿಗ್ರಿ, ಬಿದ್ರೆ ಮೊದಲು ಉಸಿರೇ ಸಿಗಲ್ಲ.

ಗೇಟ್ ಹೊರಗೆ ಇಳಿತದ ನೀರು ಆಚೆ ಓಡ್ತಿರುತ್ತೆ, ಗಾಳಿ ಎದುರಿಂದ ಬರ್ತಿರುತ್ತೆ, ಎರಡೂ ಗುದ್ದಾಡಿ ಅಲೆಗಳು ಗೋಡೆ ತರ ಎದ್ದು ನಿಲ್ತವೆ. ಬಲಗಡೆ ಪೊಟೇಟೋ ಪ್ಯಾಚ್ ಅನ್ನೋ ನೀರೊಳಗಿನ ಮರಳು ದಿಬ್ಬ (ಹಿಂದೆ ಆಲೂಗಡ್ಡೆ ತರ್ತಿದ್ದ ದೋಣಿಗಳು ಅಲ್ಲಿ ಸರಕು ಕಳ್ಕೊಳ್ತಿದ್ವು, ಅದಕ್ಕೇ ಆ ಹೆಸರು ಅಂತಾರೆ). ನಾನು ಹೀರೋ ತರ ವಾಂತಿ ಮಾತ್ರೆ ಬೇಡ ಅಂದಿದ್ದೆ. ಕಾಲ್ಚೀಲ ಹುಡುಕೋಕೆ ಕೆಳಗೆ ಇಳಿದಿದ್ದು ಎರಡೇ ನಿಮಿಷ, ಬಾಯಲ್ಲಿ ನೀರೂರಕ್ಕೆ ಶುರು ಆಯ್ತು ನೋಡಿ, ಆಮೇಲೆ ನುಂಗಿದ ಮಾತ್ರೆನೂ ಸಮುದ್ರಕ್ಕೇ ಅರ್ಪಣೆ. ಮಾತ್ರೆ ಹಿಂದಿನ ರಾತ್ರಿನೇ ತಗೋಬೇಕು ಕಣ್ರೀ. ಊಟದ್ದು ಮಾತ್ರ ನನ್ನ ಐಡಿಯಾ ಗೆದ್ದಿತು: ಎಲ್ರೂ ಪ್ಯಾಕೆಟ್ ಫ್ರೀಜ್ ಡ್ರೈ ಊಟ ತಂದಿದ್ರೆ ನಾನು ಒಗ್ಗರಣೆ ಕಲಸಿಟ್ಟ ಅವಲಕ್ಕಿ, ಮಗ್ಗಿಗೆ ಹಾಕಿ ಬಿಸಿನೀರು ಸುರಿದು ಮುಚ್ಚಿಟ್ರೆ ಆಯ್ತು, ಹೊಟ್ಟೇಲಿ ನಿಂತಿದ್ದು ಅದೊಂದೇ.

ಎಡಕ್ಕೆ ತಿರುಗಿ ಗಾಳಿ ಬೆನ್ನಿಗೆ ಬಂದ್ಮೇಲೆ ಸ್ಪಿನೇಕರ್ ಏರಿಸಿದ್ವಿ, ಮುಂದೆ ಬಲೂನ್ ತರ ಉಬ್ಬೋ ತೆಳು ಹಾಯಿ. ಅದರ ಹಗ್ಗ ನನ್ನ ಕೈಲಿ. ಹಾಯಿಯ ಅಂಚು ಸಣ್ಣಗೆ ಮಡಚೋದನ್ನೇ ನೋಡ್ತಾ ಬಿಡೋದು ಎಳೆಯೋದು ಮಾಡ್ತಿರ್ಬೇಕು, ಕಣ್ಣು ಆ ಕಡೆ ಈ ಕಡೆ ಹೋಗೋ ಹಾಗಿಲ್ಲ. ಸಂಜೆ ಅಷ್ಟೊತ್ತಿಗೆ ಅರ್ಧ ದಾರಿ, ಪಿಜನ್ ಪಾಯಿಂಟ್ ದೀಪಸ್ತಂಭ ಬಂತು, 115 ಅಡಿ ಬಿಳಿ ಗೋಪುರ, ಬಿಸಿಲು ಬಿದ್ದು ಹೊಳೀತಿತ್ತು, ನಾನು ನೋಡ್ದೆ. ಅಷ್ಟೇ, ಅದೇ ಹೊತ್ತಿಗೆ ಒಂದು ಜೋರು ಗಾಳಿ ಬಂದು ಬೋಟ್ ಮಗ್ಗುಲಾಯ್ತು, ಚುಕ್ಕಾಣಿ ನೀರಿಂದ ಮೇಲೆ ಬಂದು ಹಿಡಿತ ಹೋಯ್ತು, ಬೋಟ್ ತಾನೇ ಗಾಳಿ ಕಡೆ ತಿರುಗಿ ಅಡ್ಡ ಮಲಗ್ತು, ಡೆಕ್ಕಿನ ಒಂದು ಪಕ್ಕ ಪೂರ್ತಿ ನೀರೊಳಗೆ. ಹಗ್ಗ ಬಿಟ್ಟೆ, ಆದ್ರೆ ತಡವಾಗಿ. ಹಾಯಿ ಇಳಿಸೋಣ ಅಂದ್ರೆ ಹ್ಯಾಲ್ಯಾರ್ಡ್ (ಹಾಯಿ ಏರಿಸಿ ಇಳಿಸೋ ಹಗ್ಗ) ಅರ್ಧಕ್ಕೆ ಬಂದು, ಹಗ್ಗ ಕಚ್ಚಿ ಹಿಡಿಯೋ ಕ್ಲಚ್ಚಲ್ಲಿ ಗಂಟಾಗಿ ಸಿಕ್ಕಾಕ್ಕೊಳ್ತು, ಹಾಯಿ ಮೇಲೂ ಇಲ್ಲ ಕೆಳಗೂ ಇಲ್ಲ. ಆ ಹಗ್ಗ ಬೆಳಿಗ್ಗೆ ಏರಿಸಿದಾಗ ನಾನೇ ಗುಡ್ಡೆ ಹಾಕಿ ಬಿಟ್ಟಿದ್ದೆ, ಎಂಟರ ಆಕಾರಕ್ಕೆ ಮಡಚಿ ಇಟ್ಟಿರ್ಲಿಲ್ಲ. ಸ್ಕಿಪ್ಪರ್ ಬೈಲಿಲ್ಲ, ಗಂಟು ಬಿಡಿಸಿ ನನ್ನ ಕೈಗೆ ಕೊಟ್ಟು "ಈಗ ಮಡಚು" ಅಂದ್ರು, ಬೈದಿದ್ರೇ ಚೆನ್ನಾಗಿರ್ತಿತ್ತು.

ಆದ್ರೆ ನಿಜವಾದ ಭಯ ಆಗಿದ್ದು ಗಾಳಿನೇ ಇಲ್ಲದಾಗ. ಮಾಂಟೆರೇ ಕೊಲ್ಲಿಯಲ್ಲಿ ನಡುರಾತ್ರಿ ಗಾಳಿ ಸತ್ತೋಯ್ತು, ಹಾಯಿ ಪಟಪಟ ಅನ್ನೋದು ಬಿಟ್ರೆ ಸದ್ದಿಲ್ಲ, ಆಗ ಯಾರೋ ಬ್ಯಾಟರಿ ನೋಡಿದ್ರು: 11.9 ವೋಲ್ಟ್, ಅಂದ್ರೆ ಹೆಚ್ಚುಕಡಿಮೆ ಖಾಲಿ. ಫ್ರಿಜ್, ರೇಡಿಯೋ, ಹಡಗುಗಳನ್ನ ತೋರಿಸೋ ಎಐಎಸ್, ಎಲ್ಲ ಅದರಿಂದಲೇ ಕುಡೀಬೇಕು. ಗೇರ್ ಹಾಕದೆ ಚಾರ್ಜಿಂಗ್‌ಗೆ ಎಂಜಿನ್ ಓಡಿಸ್ಬಹುದು, ರೂಲ್ಸಲ್ಲಿ ಅದಕ್ಕೆ ಅಡ್ಡಿ ಇಲ್ಲ. ಓಡಿಸಿದ್ವಿ, ಮುಕ್ಕಾಲು ಗಂಟೆ ಆದ್ರೂ ಸೂಜಿ ಏರ್ತಾ ಇಲ್ಲ. ಎಂಜಿನ್ ಆಫ್ ಮಾಡಿ ಮುಚ್ಚಳ ತೆಗೆದು ಕೆಂಪು ಟಾರ್ಚಲ್ಲಿ ಇಣುಕಿದ್ರೆ ಬ್ಯಾಟರಿಗೆ ಕರೆಂಟ್ ತುಂಬೋ ಆಲ್ಟರ್ನೇಟರ್ ಸುತ್ತ ಮಸಿ, ಬೆರಳಿಟ್ರೆ ಕಾಡಿಗೆ ತರ ಅಂಟ್ಕೊಳ್ತು. ಅದನ್ನ ತಿರುಗಿಸೋ ಬೆಲ್ಟ್ ಸಡಿಲ ಆಗಿ ಜಾರ್ತಾ ಜಾರ್ತಾ ತೇದು ಪುಡಿ ಉದುರಿಸಿತ್ತು. ದಿನಕ್ಕೊಂದು ಗಂಟೆ ಬೇ ಒಳಗೆ ಆಡಿ ವಾಪಸ್ ಬಂದು ದಡದ ಕರೆಂಟ್‌ಗೆ ಪ್ಲಗ್ ಚುಚ್ಚೋ ಬೋಟಲ್ಲಿ ಇದು ಯಾವ ಜನ್ಮಕ್ಕೂ ಗೊತ್ತಾಗಲ್ಲ, ಹವಾಯಿ ದಾರೀಲಿ ನಾಲ್ಕನೇ ದಿನ ಗೊತ್ತಾಗ್ತಿತ್ತು, ಅಷ್ಟೊತ್ತಿಗೆ ಹೆಲಿಕಾಪ್ಟರ್ ಕೂಡ ಸುಲಭಕ್ಕೆ ಬರೋಕಾಗದಷ್ಟು ದೂರ.

ಬೋಲ್ಟ್ ತಿರುಗಿಸಿ ಬೆಲ್ಟ್ ಬಿಗಿ ಮಾಡಿ ಮೇಲೆ ಬಂದಾಗ ಮಂಜು ಎಷ್ಟಿತ್ತು ಅಂದ್ರೆ ದಡದ ದೀಪ ಒಂದೂ ಕಾಣ್ತಿರ್ಲಿಲ್ಲ, ಬಂದರು ಹತ್ರ ಬಂತು ಅಂತ ಗೊತ್ತಾಗಿದ್ದು ಸೀ ಲಯನ್‌ಗಳ ಬೊಗಳಾಟದಿಂದ, ಆಮೇಲೆ ಅವುಗಳ ನಾತದಿಂದ. ಬೆಳಗಿನ ಜಾವ ಮೂರೂವರೆಗೆ ಫಿನಿಶ್, ನಮ್ಮ ಕ್ಲಾಸಲ್ಲಿ ಕೊನೆಯಿಂದ ಎರಡನೇದು. ನೋಟ್‌ಬುಕ್ಕಲ್ಲಿ ರಿಪೇರಿ ಲಿಸ್ಟು 23 ಐಟಂ. ಮೊದಲನೇದು ಹೊಸ ಬೆಲ್ಟ್, ಒಂದಲ್ಲ ಮೂರು. ಹದಿನಾಲ್ಕನೇದು ಸ್ಕಿಪ್ಪರ್ ಕೈಬರಹದಲ್ಲಿ, ನನ್ನ ಹೆಸರು, ಅದರ ಮುಂದೆ "ದೀಪಸ್ತಂಭ ನೋಡಬಾರದು".