ಮೊದಲು ಉದ್ದ, ಆಮೇಲೆ ಕ್ರಿಂಪ್: ತೋಟಾ ಮರುತುಂಬುವಾಗ ತಪ್ಪಿಸಬಾರದ ಕ್ರಮ

ಹಾರಿಸಿದ ತೋಟಾಗಳಲ್ಲಿ ಉಳಿಯುವ, ಮದ್ದನ್ನೂ ಗುಂಡನ್ನೂ ಹಿಡಿದಿದ್ದ ಹೊರಕವಚಗಳಾದ ಹಿತ್ತಾಳೆಯ ಕೇಸ್‌ಗಳನ್ನು ಕಾನೂನು ಒಪ್ಪುವ ಮಿತಿಯೊಳಗೆ ಮತ್ತೆ ತುಂಬಿ ಬಳಸುವವರು ಮದ್ದಿನ ತೂಕದಲ್ಲಿ ತೋರುವಷ್ಟು ಎಚ್ಚರವನ್ನು ಕೇಸಿನ ಉದ್ದದ ವಿಷಯದಲ್ಲಿಯೂ ತೋರಬೇಕು. ಗುಂಡನ್ನು ಕೂರಿಸಿದ ಬಳಿಕ ಕೇಸಿನ ಬಾಯಿಯನ್ನು ಒಳಕ್ಕೆ ಒತ್ತುವ ಕೆಲಸಕ್ಕೆ ಕ್ರಿಂಪ್ ಎಂದು ಹೆಸರು. ತೋಟಾ ತುಂಬುವ ಒತ್ತುಯಂತ್ರವಾದ ಪ್ರೆಸ್‌ನಲ್ಲಿ ಕೇಸಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಒಂದೇ ಎತ್ತರದಲ್ಲಿ ನಿಂತಿರುತ್ತದೆಯಾದ್ದರಿಂದ, ಉದ್ದದ ಕೇಸ್ ಬಂದಾಗ ಬಾಯಿ ಹೆಚ್ಚು ಮಡಚಿಕೊಳ್ಳುತ್ತದೆ, ಗಿಡ್ಡ ಕೇಸ್ ಬಂದಾಗ ಡೈ ಅಂಚನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಉದ್ದ ಒಂದೇ ಸಮ ಇಲ್ಲದ ಕೇಸ್‌ಗಳಿಗೆ ಡೈಯನ್ನು ಎಷ್ಟೇ ತಿರುಗಿಸಿ ಹೊಂದಿಸಿದರೂ ಕ್ರಿಂಪ್ ಸಮನಾಗಿ ಬರುವುದಿಲ್ಲ.

ಕ್ರಿಂಪ್‌ನಲ್ಲಿ ಮುಖ್ಯವಾಗಿ ಎರಡು ಬಗೆಗಳಿದ್ದು, ಯಾವುದು ಎಲ್ಲಿಗೆ ಎಂಬುದು ಬಳಸುವವರ ಇಷ್ಟಕ್ಕೆ ಬಿಟ್ಟ ಸಂಗತಿಯಲ್ಲ. .38 ಸ್ಪೆಷಲ್, .357 ಮ್ಯಾಗ್ನಮ್‌ನಂತಹ ರಿವಾಲ್ವರ್ ತೋಟಾಗಳು ಹಿಂಬದಿಯ ರಿಮ್‌ನ (ಹೊರಚಾಚಿದ ಅಂಚಿನ) ಆಧಾರದಲ್ಲಿ ಚೇಂಬರಿನಲ್ಲಿ, ಅಂದರೆ ಆಯುಧದೊಳಗೆ ತೋಟಾ ಕೂರುವ ಕುಳಿಯಲ್ಲಿ, ನಿಲ್ಲುವುದರಿಂದ ಅವುಗಳ ಬಾಯಿಯನ್ನು ಗುಂಡಿನ ಸುತ್ತಲಿನ ತೋಡಿನೊಳಕ್ಕೆ ಸುರುಳಿಯಾಗಿ ಮಡಚಬಹುದು. ಇದು ರೋಲ್ ಕ್ರಿಂಪ್. 9 ಮಿ.ಮೀ. ಲೂಗರ್ ಮತ್ತು .45 ಎಸಿಪಿ ತೋಟಾಗಳು ಬಾಯಿಯ ಅಂಚಿನ ಮೇಲೆಯೇ ಚೇಂಬರಿನಲ್ಲಿ ನಿಲ್ಲುತ್ತವೆ. ಆ ಅಂಚನ್ನು ಮಡಚಿ ಅಳಿಸಿದರೆ ತೋಟಾ ನಿಲ್ಲಬೇಕಾದ ಜಾಗದಿಂದ ಮುಂದಕ್ಕೆ ಜಾರುತ್ತದೆ. ಆದ್ದರಿಂದ ಇವುಗಳಿಗೆ ಅಂಚನ್ನು ಉಳಿಸಿಕೊಂಡು ಗೋಡೆಯನ್ನಷ್ಟೇ ತುಸು ಒಳಕ್ಕೆ ಒತ್ತುವ ಟೇಪರ್ ಕ್ರಿಂಪ್ ಬೇಕು.

ಕೆಲಸದ ಮೊದಲ ಹೆಜ್ಜೆ ಅಳತೆ. ಹಾರಿಸಿದಾಗ ಕೇಸ್ ಹಿಗ್ಗಿರುವುದರಿಂದ ಮೊದಲು ಸೈಜಿಂಗ್ ಡೈಯಲ್ಲಿ ಅದನ್ನು ಮೂಲ ಗಾತ್ರಕ್ಕೆ ತಂದು, ಆ ಬಳಿಕವೇ ಕ್ಯಾಲಿಪರ್‌ನಿಂದ ಉದ್ದವನ್ನು ನೋಡಬೇಕು. ಗರಿಷ್ಠ ಉದ್ದ .38 ಸ್ಪೆಷಲ್‌ಗೆ 1.155 ಇಂಚು, .357 ಮ್ಯಾಗ್ನಮ್‌ಗೆ 1.290 ಇಂಚು, 9 ಮಿ.ಮೀ. ಲೂಗರ್‌ಗೆ 0.754 ಇಂಚು, .45 ಎಸಿಪಿಗೆ 0.898 ಇಂಚು. ಪಿಸ್ತೂಲಿನ ನೇರ ಗೋಡೆಯ ಕೇಸ್‌ಗಳು ರೈಫಲ್ ಕೇಸ್‌ಗಳಂತೆ ಬೆಳೆಯುವುದು ಅಪರೂಪ; ಬಳಸುತ್ತ ಹೋದಂತೆ ಅವು ತುಸು ಗಿಡ್ಡವಾಗುವುದೂ ಉಂಟು. ಹಾಗಾಗಿ 9 ಮಿ.ಮೀ. ಕೇಸ್‌ಗಳನ್ನು ಹೆಚ್ಚಿನವರು ಕತ್ತರಿಸುವುದೇ ಇಲ್ಲ, ಗರಿಷ್ಠ ಮಿತಿಯನ್ನು ದಾಟಿದವನ್ನು ಬದಿಗಿಟ್ಟರೆ ಸಾಕಾಗುತ್ತದೆ. ಆದರೆ ಬಲವಾದ ರೋಲ್ ಕ್ರಿಂಪ್ ಬೇಡುವ ಮ್ಯಾಗ್ನಮ್ ಕೇಸ್‌ಗಳನ್ನು ಒಂದು ಸಲವಾದರೂ ಟ್ರಿಮ್ಮರ್‌ನಲ್ಲಿ ಒಂದೇ ಉದ್ದಕ್ಕೆ ತರುವುದು ಖಂಡಿತ ಸಾರ್ಥಕ ಶ್ರಮ. ಕತ್ತರಿಸಿದ ಬಾಯಿಯ ಒಳ ಹಾಗೂ ಹೊರ ಅಂಚುಗಳಲ್ಲಿ ಉಳಿದ ಹಿತ್ತಾಳೆಯ ಚೂರುಗಳನ್ನು ಉಜ್ಜಿ ತೆಗೆಯಬೇಕು.

ಅನಂತರ ಎಕ್ಸ್‌ಪ್ಯಾಂಡರ್ ಡೈಯಿಂದ ಬಾಯಿಯನ್ನು ಅಗಲಿಸಬೇಕು. ಗುಂಡಿನ ಬುಡ ಕೆರೆಯದೆ ಒಳಗೆ ಕೂರುವಷ್ಟು ಅಗಲ ಸಾಕು. ಪ್ರತಿ ಸಲ ಅತಿಯಾಗಿ ಅಗಲಿಸಿ ಮತ್ತೆ ಒತ್ತಿದರೆ ಹಿತ್ತಾಳೆ ಪೆಡಸಾಗಿ ಬಾಯಿ ಸೀಳುತ್ತದೆ.

ಗುಂಡನ್ನು ಕೂರಿಸುವುದು ಮತ್ತು ಕ್ರಿಂಪ್ ಮಾಡುವುದು ಎರಡನ್ನೂ ಒಂದೇ ಡೈಯಲ್ಲಿ ಒಟ್ಟಿಗೆ ಮುಗಿಸಬಹುದಾದರೂ ಬೇರೆ ಬೇರೆಯಾಗಿ ಮಾಡುವುದೇ ಒಳ್ಳೆಯದು. ಗುಂಡು ಇನ್ನೂ ಕೆಳಕ್ಕೆ ಇಳಿಯುತ್ತಿರುವಾಗಲೇ ಬಾಯಿ ಮುಚ್ಚತೊಡಗಿದರೆ ಅದು ಗುಂಡಿನ ಸೀಸವನ್ನು ಕೆರೆಯುತ್ತದೆ, ಇಲ್ಲವೇ ಕೇಸಿನ ಗೋಡೆ ಉಬ್ಬಿ ತೋಟಾ ಚೇಂಬರಿಗೆ ಹೋಗದಂತಾಗುತ್ತದೆ. ಡೈಯನ್ನು ಹೊಂದಿಸಲು ಮದ್ದೂ ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರೂ ಇಲ್ಲದ ಡಮ್ಮಿ ತೋಟಾವನ್ನೇ ಬಳಸಿ, ಅದನ್ನು ಪ್ರೆಸ್‌ನಲ್ಲಿ ಪೂರ್ತಿ ಮೇಲಕ್ಕೆತ್ತಿ, ಡೈ ಬಾಯಿಗೆ ತಾಗುವವರೆಗೆ ಇಳಿಸಿ, ಅಲ್ಲಿಂದ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪ್ರತಿ ಸಲವೂ ಅಳೆಯಬೇಕು. ಟೇಪರ್ ಕ್ರಿಂಪ್‌ಗೆ ಒಂದು ಸರಳ ಲೆಕ್ಕವಿದೆ: ಗುಂಡಿನ ವ್ಯಾಸಕ್ಕೆ ಕೇಸಿನ ಗೋಡೆಯ ದಪ್ಪದ ಎರಡರಷ್ಟನ್ನು ಕೂಡಿದರೆ ಬಾಯಿಯ ಹೊರ ಅಳತೆ ಸಿಗುತ್ತದೆ. 0.355 ಇಂಚಿನ 9 ಮಿ.ಮೀ. ಗುಂಡಿಗೆ, ಗೋಡೆ 0.011 ಇಂಚು ಇದ್ದರೆ, ಅದು 0.377 ಇಂಚು. ಅಗಲಿಸಿದ ಬಾಯಿ ಈ ಅಳತೆಗೆ ಮರಳಿದರೆ ಕೆಲಸ ಮುಗಿದಂತೆ.

ಹೆಚ್ಚು ಬಿಗಿದರೆ ಗುಂಡು ಹೆಚ್ಚು ಭದ್ರವಾಗುತ್ತದೆ ಎಂಬ ನಂಬಿಕೆಯೇ ಇಲ್ಲಿನ ದೊಡ್ಡ ಅಪಾಯ. ಪಿಸ್ತೂಲ್ ತೋಟಾದಲ್ಲಿ ಗುಂಡನ್ನು ಹಿಡಿದಿಡುವುದು ಮುಖ್ಯವಾಗಿ ಕೇಸಿನ ಗೋಡೆಯ ಬಿಗಿತ. ಅತಿಯಾಗಿ ಒತ್ತಿದಾಗ ಸೀಸ ಕುಗ್ಗಿದಲ್ಲೇ ಉಳಿಯುತ್ತದೆ, ಹಿತ್ತಾಳೆ ಮಾತ್ರ ತುಸು ಹಿಂದಕ್ಕೆ ಸಿಡಿಯುತ್ತದೆ. ಹಿಡಿತ ಸಡಿಲವಾಗಿ, ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡ್ ತೋಟಾವನ್ನು ಮುಂದಕ್ಕೆ ತಳ್ಳುವ ಹೊಡೆತಕ್ಕೆ ಗುಂಡು ಕೇಸಿನೊಳಕ್ಕೆ ಸರಿಯಬಹುದು. ಆಗ ಮದ್ದಿಗೆ ಉಳಿಯುವ ಜಾಗ ಕಿರಿದಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ತೆಳುವಾದ ತಾಮ್ರದ ಲೇಪವಿರುವ ಗುಂಡುಗಳಲ್ಲಿ ಅತಿ ಕ್ರಿಂಪ್ ಆ ಲೇಪವನ್ನೇ ಕತ್ತರಿಸಿಬಿಡುತ್ತದೆ.

ಕೊನೆಗೆ ಪರೀಕ್ಷೆ. ಪಿಸ್ತೂಲಿನ ನಳಿಕೆಯನ್ನು ಬಿಚ್ಚಿ ಹೊರತೆಗೆದು ಡಮ್ಮಿಯನ್ನು ಅದರ ಚೇಂಬರಿಗೆ ಬಿಟ್ಟರೆ ತನ್ನ ಭಾರಕ್ಕೇ ಪೂರ್ತಿ ಇಳಿಯಬೇಕು, ಬೆರಳಿನಿಂದ ತಿರುಗಿಸಿದರೆ ತಿರುಗಬೇಕು, ನಳಿಕೆಯನ್ನು ಬೋರಲು ಹಾಕಿದರೆ ಉದುರಬೇಕು. ಅದೇ ಡಮ್ಮಿಯ ಒಟ್ಟು ಉದ್ದವನ್ನು ಅಳೆದು, ಗುಂಡಿನ ತುದಿಯನ್ನು ಮೇಜಿನ ಅಂಚಿಗೆ ಬಲವಾಗಿ ಒತ್ತಿ ಮತ್ತೆ ಅಳೆದಾಗ ಉದ್ದ ಬದಲಾಗಿರಬಾರದು. ರಿವಾಲ್ವರ್‌ನಲ್ಲಿ ಅಪಾಯ ಇದಕ್ಕೆ ವಿರುದ್ಧ ದಿಕ್ಕಿನದು: ಹಿನ್ನೂಕಿಗೆ ಉಳಿದ ತೋಟಾಗಳ ಗುಂಡುಗಳು ಮುಂದಕ್ಕೆ ಜರುಗಿ ಸಿಲಿಂಡರ್ ತಿರುಗದಂತೆ ತಡೆಯಬಹುದು. ಆರು ತೋಟಾ ಹಿಡಿಯುವ ರಿವಾಲ್ವರ್ ಆದರೆ ಐದನ್ನು ಹಾರಿಸಿ, ಆರನೆಯದನ್ನು ಹೊರತೆಗೆದು, ಮೊದಲೇ ಬರೆದಿಟ್ಟ ಉದ್ದದೊಂದಿಗೆ ಹೋಲಿಸಬೇಕು. ಗುಂಡು ಮುಂದಕ್ಕೆ ಬಂದಿದ್ದರೆ ಆ ಕಂತಿನ ಉಳಿದ ತೋಟಾಗಳನ್ನು ಹಾರಿಸದೆ, ಕೇಸ್‌ಗಳ ಉದ್ದ ಮತ್ತು ಗೋಡೆಯ ಬಿಗಿತವನ್ನು ಮೊದಲು ನೋಡಿ, ಆಮೇಲಷ್ಟೇ ಕ್ರಿಂಪ್ ಡೈಯನ್ನು ಮುಟ್ಟಬೇಕು.