ಇಂಗ್ಲಿಷಿನ ಸೈಲೆಂಟ್ ಅಕ್ಷರಗಳನ್ನು ಕನ್ನಡ ಮಾಧ್ಯಮದವರು ಕಲಿಯುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಕನ್ನಡ ಶಾಲೆಗಳಲ್ಲಿ ಓದಿದವರು ಕಂಡ ಅಕ್ಷರವನ್ನೆಲ್ಲ ಉಚ್ಚರಿಸಲು ಹೋಗುವುದು ಸಹಜ. ಕನ್ನಡದಲ್ಲಾಗಲಿ ನೆರೆಯ ತೆಲುಗಿನಲ್ಲಾಗಲಿ ಬರೆದ ಅಕ್ಷರ ಸುಮ್ಮನೆ ಕೂರುವುದಿಲ್ಲ. ನಮ್ಮ ಭಾಗದಲ್ಲಿ ಉರ್ದು ಕಲಿತವರಿಗೆ ಮಾತ್ರ ಬರೆದರೂ ನುಡಿಯದ ಇಂತಹ ‘ಸೈಲೆಂಟ್’ ಅಕ್ಷರದ ಪರಿಚಯವಿದೆ. ಕನಸು ಎಂಬರ್ಥದ ಪದದಲ್ಲಿ ಅವರು ‘ವಾವ್’ ಅಕ್ಷರವನ್ನು ಬರೆದರೂ ‘ಖಾಬ್’ ಎಂದೇ ಓದುತ್ತಾರೆ. ಆದುದರಿಂದ ‘ನೈಫ್’ ಪದವನ್ನು ‘ಕ್ನೈಫ್’ ಎಂದು ಓದಿದ ಮಗುವನ್ನು ಗದರಿಸಬಾರದು. ಅದು ತನ್ನ ಲಿಪಿ ಕಲಿಸಿದ ನಿಯಮವನ್ನೇ ಪಾಲಿಸಿದೆ.

ಕಲಿಕೆಯನ್ನು ಪಟ್ಟಿಯ ಬಾಯಿಪಾಠದಿಂದ ಆರಂಭಿಸದೆ, ಈಗಾಗಲೇ ಬಾಯಲ್ಲಿರುವ ಪದಗಳಿಂದ ಆರಂಭಿಸಿರಿ. ತರಗತಿಯ ಚಾಕ್, ಬಸ್ಸಿನ ಹಾಫ್ ಟಿಕೆಟ್, ಬೆಳಗಿನ ವಾಕಿಂಗ್ ಈ ಮೂರರ ಕಾಗುಣಿತದಲ್ಲೂ ‘ಎಲ್’ ಇದೆ, ಆದರೆ ನಮ್ಮಲ್ಲಿ ಯಾರೂ ಅದನ್ನು ಉಚ್ಚರಿಸುವುದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವವರು ದಿನವೂ ಹೇಳುವ ‘ಸ್ಟಿಚಿಂಗ್’ನಲ್ಲಿ ‘ಸಿ’ಗಿಂತ ಮುಂಚೆ ಒಂದು ‘ಟಿ’ ಅಡಗಿದೆ. ಮನೆ ಕಟ್ಟುವವರು ಎಬ್ಬಿಸುವ ‘ಕಾಲಮ್’ ಪದದ ಕೊನೆಯಲ್ಲಿ ‘ಎನ್’, ‘ಡೌಟ್’ನೊಳಗೆ ‘ಬಿ’ ಇದೆ. ನೋಟ್‌ಬುಕ್ಕಿನ ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿಯೂ ಬಲಕ್ಕೆ ಇಂಗ್ಲಿಷ್ ಕಾಗುಣಿತವನ್ನೂ ಬರೆದು, ನುಡಿಯದ ಅಕ್ಷರಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿರಿ.

ಇಂತಹ ಹಲವಾರು ಪದಗಳು ಸೇರಿದ ಮೇಲೆ ಗುಂಪುಗಳು ತಾವಾಗಿ ಕಾಣತೊಡಗುತ್ತವೆ. ಪದದ ಮೊದಲಲ್ಲಿ ‘ಕೆ-ಎನ್’ ಬಂದರೆ ‘ಕೆ’ಯನ್ನೂ, ‘ಡಬ್ಲ್ಯೂ-ಆರ್’ ಬಂದರೆ ‘ಡಬ್ಲ್ಯೂ’ವನ್ನೂ ಬಿಡಬೇಕು, ‘ಲೈಟ್’, ‘ನೈಟ್’ಗಳಲ್ಲಿ ‘ಟಿ’ಗಿಂತ ಮುಂಚಿನ ‘ಜಿ-ಎಚ್’ ನುಡಿಯುವುದಿಲ್ಲ. ಇವೆಲ್ಲ ಹಿಂದೊಮ್ಮೆ ನಿಜವಾಗಿ ಉಚ್ಚರಿಸುತ್ತಿದ್ದ ಅಕ್ಷರಗಳು. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ಲಂಡನ್ ಬಳಿಯ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯ ಸ್ಥಾಪಿಸಿದ ನಂತರದ ಕಾಲದಲ್ಲಿ ಕಾಗುಣಿತ ಕ್ರಮೇಣ ಒಂದು ರೂಪಕ್ಕೆ ನಿಂತಿತು, ಆದರೆ ಜನರ ಉಚ್ಚಾರಣೆ ಬದಲಾಗುತ್ತಲೇ ಹೋಯಿತು. ‘ಡೌಟ್’ ಮತ್ತು ಸಾಲ ಎಂಬರ್ಥದ ‘ಡೆಟ್’ಗಳ ‘ಬಿ’ಯ ಕಥೆಯೇ ಬೇರೆ: ಫ್ರೆಂಚಿನಿಂದ ‘ಬಿ’ ಇಲ್ಲದೆ ಬಂದ ಈ ಪದಗಳಿಗೆ, ಅವುಗಳ ಲ್ಯಾಟಿನ್ ಮೂಲವನ್ನು ತೋರಿಸಲೆಂದು ವಿದ್ವಾಂಸರು ಆ ಅಕ್ಷರವನ್ನು ಸೇರಿಸಿದರು.

ಹೆಚ್ಚು ಎಚ್ಚರ ಬೇಕಾದುದು ‘ಎಮ್-ಬಿ’ ಜೋಡಿಯಲ್ಲಿ. ಪದದ ಕೊನೆಗೆ ಬಂದಾಗ ಇದರ ‘ಬಿ’ ನುಡಿಯುವುದಿಲ್ಲವಾದ್ದರಿಂದ ನಾವು ‘ಬಾಂಬ್’ ಎನ್ನುವುದನ್ನು ಇಂಗ್ಲಿಷರು ‘ಬಾಮ್’ ಎನ್ನುತ್ತಾರೆ. ನಮ್ಮ ಊರುಗಳ ಬೋರ್ಡುಗಳಲ್ಲಿರುವ ‘ಪ್ಲಂಬರ್’ ಇಂಗ್ಲಿಷಿನಲ್ಲಿ ‘ಪ್ಲಮರ್’ ಆಗುತ್ತದೆ. ಹಾಗೆಂದು ‘ನಂಬರ್’, ‘ಮೆಂಬರ್’, ‘ಟಿಂಬರ್’ಗಳಲ್ಲಿ ‘ಬಿ’ಯನ್ನು ನುಂಗಿದರೆ ಹೊಸ ತಪ್ಪು ಹುಟ್ಟುತ್ತದೆ.

ಇನ್ನು ಬರೆಯುವಾಗ ಕೇಳದ ಅಕ್ಷರವನ್ನು ನೆನಪಿಡುವುದು ಹೇಗೆ? ಅದೇ ಮೂಲದ ಇನ್ನೊಂದು ಪದವನ್ನು ಹುಡುಕುವುದೇ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಉಪಾಯ. ‘ಸೈನ್’ನಲ್ಲಿ ಕೇಳದ ‘ಜಿ’ ‘ಸಿಗ್ನೇಚರ್’ ಹಾಗೂ ‘ಸಿಗ್ನಲ್’ಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಸ್ನಾಯು ಎಂಬರ್ಥದ ‘ಮಸಲ್’ನ ಮೌನವಾದ ‘ಸಿ’ಗೆ ‘ಮಸ್ಕ್ಯುಲರ್’ ಸಾಕ್ಷಿ. ಜೊತೆಯ ಪದ ಸಿಗದಿದ್ದಾಗ, ಬುಧವಾರದ ಇಂಗ್ಲಿಷ್ ಹೆಸರನ್ನು ಮನಸ್ಸಿನಲ್ಲಿ ‘ವೆಡ್-ನೆಸ್-ಡೇ’ ಎಂದು ಬಿಡಿಸಿಕೊಂಡು ಬರೆದು, ಬಾಯಲ್ಲಿ ‘ವೆನ್ಸ್‌ಡೇ’ ಎಂದೇ ಹೇಳಬಹುದು.

ಪದದ ಕೊನೆಯ ‘ಇ’ಯನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ತಾನು ನುಡಿಯದಿದ್ದರೂ ಅದು ‘ಕಿಟ್’ ಅನ್ನು ‘ಕೈಟ್’ ಆಗಿ, ‘ಹಾಪ್’ ಅನ್ನು ‘ಹೋಪ್’ ಆಗಿ ಬದಲಿಸುತ್ತದೆ. ‘ಗಿವ್’, ‘ಹ್ಯಾವ್’ನಂತಹ ಕೆಲವು ಪದಗಳಲ್ಲಿ ಆ ಕೆಲಸ ಮಾಡುವುದಿಲ್ಲ. ಹಾಗೆಯೇ ಗಂಟೆ ಎಂಬರ್ಥದ ‘ಅವರ್’, ಪ್ರಾಮಾಣಿಕ ಎಂಬರ್ಥದ ‘ಆನೆಸ್ಟ್’ಗಳ ಮೊದಲ ‘ಎಚ್’ ಮೌನವಾಗಿರುವುದರಿಂದ ಅವುಗಳಿಗಿಂತ ಮುಂಚೆ ‘ಎ’ ಬದಲು ‘ಆ್ಯನ್’ ಬರುತ್ತದೆ. ಇದನ್ನು ಪರೀಕ್ಷೆ ಬರೆಯುವವರು ಮರೆಯಬಾರದು.

ಸಂದೇಹ ಬಂದಾಗ ಮೊಬೈಲಿನ ನಿಘಂಟಿನಲ್ಲಿ ಸ್ಪೀಕರ್ ಚಿಹ್ನೆಯನ್ನು ಒತ್ತಿ ಉಚ್ಚಾರಣೆಯನ್ನು ಕೇಳಿರಿ, ಕೇಳಿದ್ದನ್ನು ಗಟ್ಟಿಯಾಗಿ ಹೇಳಿ ನೋಟ್‌ಬುಕ್ಕಿಗೆ ಸೇರಿಸಿರಿ. ‘ಆಫನ್’, ‘ಆಫ್ಟನ್’ ಎರಡೂ ಬಳಕೆಯಲ್ಲಿರುವುದರಿಂದ ಆ ಪದಕ್ಕಾಗಿ ಹೆಣಗಬೇಕಿಲ್ಲ. ‘ಕಾರ್’ ಪದದ ‘ಆರ್’ ಅನ್ನು ಲಂಡನ್ ಕಡೆಯವರು ಬಿಟ್ಟರೂ ಅಮೆರಿಕದ ಬಹುಪಾಲು ಜನ ನುಡಿಯುತ್ತಾರೆ. ನಾವೂ ನುಡಿದರೆ ತಪ್ಪಿಲ್ಲ.