ಜೂನಿಯರ್ ಹಾಕಿ ಶೂಟೌಟ್: ಎಂಟು ಸೆಕೆಂಡು ಬಳಸುವ ಬಗೆ

21 ವರ್ಷದೊಳಗಿನವರ ಜೂನಿಯರ್ ವಿಶ್ವಕಪ್‌ನಲ್ಲಿ ನಾಕೌಟ್ ಪಂದ್ಯ ಸಮವಾದರೆ, ಪುರುಷರಿಗಾಗಲಿ ಮಹಿಳೆಯರಿಗಾಗಲಿ, ಶೂಟೌಟೇ ಗತಿ. 2016ರ ಲಖನೌ ಸೆಮಿಫೈನಲ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಮಣಿಸಿದ್ದೂ ಹೀಗೆಯೇ. ತಂಡಕ್ಕೆ ಐವರು, ಸರದಿಯಂತೆ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಗೋಲಿಗೆ ಯತ್ನಿಸುತ್ತಾರೆ.

ಚೆಂಡು 23 ಮೀಟರ್ ಗೆರೆಯ ಮೇಲಿರುತ್ತದೆ, ಗೋಲ್‌ಕೀಪರ್ ಗೋಲ್ ಗೆರೆಯಲ್ಲಿ. ಸೀಟಿಯಾದೊಡನೆ 8 ಸೆಕೆಂಡಿನ ಲೆಕ್ಕ ಶುರು. ಮೊದಲ ಮೂರು ಸೆಕೆಂಡಿನಲ್ಲಿ ಡಿ, ಅಂದರೆ ಗೋಲಿನ ಮುಂದಿನ ಅರೆವೃತ್ತ, ತಲುಪಿ. ಚೆಂಡು ಸ್ಟಿಕ್ ಬಿಟ್ಟು ಒಂದು ಮಾರು ಮುಂದೆ ಹೋದರೂ ಕೀಪರ್ ಜಾರಿ ಬಂದು ಒದ್ದುಬಿಡುತ್ತಾರೆ. ಹೊಸಬರು ಸೋಲುವುದು ಬಹುಪಾಲು ಇಲ್ಲೇ. ಕೀಪರ್ ಎರಡು ಸ್ಟಿಕ್ ದೂರದಲ್ಲಿದ್ದಾಗ ಎಡಕ್ಕೆ ಹೊರಟಂತೆ ಭುಜ ಬಾಗಿಸಿ, ಚೆಂಡನ್ನು ಬಲಕ್ಕೆ ಎಳೆಯಿರಿ. ಅವರು ನೆಲಕ್ಕೆ ಬಿದ್ದ ಮೇಲೆ ಅವಸರ ಬೇಡ, ಇನ್ನೂ ಎರಡು ಮೂರು ಸೆಕೆಂಡು ಉಳಿದಿರುತ್ತದೆ. ಬಲಕ್ಕೆ ಅತಿಯಾಗಿ ಸರಿದರೆ ಗೋಲಿನ ಕೋನವೇ ಮುಚ್ಚಿಹೋಗುತ್ತದೆ. ಆಗ ಹಿಂದೆ ತಿರುಗಿ ರಿವರ್ಸ್‌ನಲ್ಲಿ (ಸ್ಟಿಕ್ ಮಗುಚಿ ಹಿಡಿದು) ಹೊಡೆಯುವುದೊಂದೇ ದಾರಿ, ಅದನ್ನೂ ಅಭ್ಯಾಸ ಮಾಡಿರಬೇಕು.

ಚೆಂಡು ನಿಮ್ಮ ಕಾಲಿಗೆ ತಾಗಿದರೆ ಅವಕಾಶ ಮುಗಿಯಿತು. ಸಮಯ ಮೀರಿದ ಗೋಲಿಗೂ ಬೆಲೆಯಿಲ್ಲ.

ಕೀಪರ್‌ಗೆ: ಬೇಗ ಮುಂದೆ ಬನ್ನಿ, ಆದರೆ ಬೇಗ ಬೀಳಬೇಡಿ. ನಿಂತೇ ಆಟಗಾರರನ್ನು ಪಕ್ಕಕ್ಕೆ ದಬ್ಬುತ್ತಾ ಗಡಿಯಾರ ಓಡಿಸಿ. ಗೊತ್ತಿಲ್ಲದೆ ತಪ್ಪಾದರೆ ಮರುಯತ್ನ; ಬೇಕೆಂದೇ ಬೀಳಿಸಿದರೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲಿನ ಹತ್ತಿರದಿಂದ ಕೀಪರ್ ಎದುರು ನೇರ ಹೊಡೆತ.

ಐದರ ನಂತರವೂ ಸಮವಾದರೆ ಅದೇ ಐವರು ಸಡನ್ ಡೆತ್‌ಗೆ ಇಳಿಯುತ್ತಾರೆ: ಸಮಾನ ಯತ್ನಗಳಲ್ಲಿ ಒಂದು ಗೋಲು ಮುಂದಾದ ತಂಡಕ್ಕೆ ಗೆಲುವು. ಕ್ರಮ ಬದಲಿಸಬಹುದು, ಹಾಗಾಗಿ ಆ ದಿನ ಸಲೀಸಾಗಿ ಗೋಲು ಹೊಡೆದವರನ್ನೇ ಮುಂದೆ ಕಳಿಸಿ.